ಸ್ಕ್ರೈಬಸ್ 1.7ರ ಪರೀಕ್ಷಾ ಆವೃತ್ತಿ: ಕನ್ನಡ ಪುಟವಿನ್ಯಾಸ ಮಾಡುವವರು ಪಾಲ್ಗೊಳ್ಳುವುದು ಹೇಗೆ?

ಪ್ರಶ್ನೆ (ತ್ರೈಮಾಸಿಕ)

ಮಾನ್ಯರೇ, ನಾವು ಕೆಲವು ಗೆಳೆಯರು ಸೇರಿ ಹೊರತರುವ ತ್ರೈಮಾಸಿಕವೊಂದರ ಪುಟವಿನ್ಯಾಸವನ್ನು ನಾನು ಸ್ಕ್ರೈಬಸ್ ಎಂಬ ಪುಟವಿನ್ಯಾಸ ತಂತ್ರಾಂಶದ 1.6ನೆಯ ಆವೃತ್ತಿಯಲ್ಲಿ ಮಾಡುತ್ತಿದ್ದೇನೆ. ಅದಕ್ಕೂ ಮೊದಲು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಗಳನ್ನು ಬಳಸಿ ಪೇಜ್‌ಮೇಕರ್‌ನಲ್ಲಿ ಮಾಡುತ್ತಿದ್ದೆವು. ಯೂನಿಕೋಡ್‌ಗೆ ಬಂದ ಮೇಲೆ, ಅಚ್ಚಾದ ಲೇಖನವನ್ನು ಜಾಲತಾಣಕ್ಕೆ ಹಾಕುವಾಗ ಪರಿವರ್ತಿಸಿ ಮತ್ತೊಮ್ಮೆ ಕರಡು ತಿದ್ದಬೇಕಾದ ಶ್ರಮ ತಪ್ಪಿದೆ. ಈಗ 1.7ರ ಪರೀಕ್ಷಾ ಆವೃತ್ತಿಯನ್ನು ಬಳಸಿ ನೋಡಿ, ಕಂಡ ದೋಷಗಳನ್ನು ತಿಳಿಸಬೇಕೆಂಬ ಆಸೆ ನನಗಿದೆ. ಆದರೆ ನನಗೆ ಪ್ರೋಗ್ರಾಮಿಂಗ್ ಬಾರದು. ನನ್ನಂಥವರ ವರದಿಯಿಂದ ಅಭಿವೃದ್ಧಿಪಡಿಸುವವರಿಗೆ ಪ್ರಯೋಜನವುಂಟೇ? ಪತ್ರಿಕೆಯ ಕೆಲಸಕ್ಕೆ ತೊಂದರೆಯಾಗದಂತೆ ಇದನ್ನು ಮಾಡುವುದು ಹೇಗೆ?

ಉತ್ತರ (ಅಚ್ಚುಮೊಳೆ)

ಖಂಡಿತವಾಗಿ ಪ್ರಯೋಜನವುಂಟು. ಸ್ಕ್ರೈಬಸ್‌ನಲ್ಲಿ ಕನ್ನಡವು ಬಂದದ್ದೇ ಪರೀಕ್ಷಾ ಆವೃತ್ತಿಗಳ ದಾರಿಯಿಂದ. 1.4ರ ಸರಣಿಯಲ್ಲಿ ಒತ್ತಕ್ಷರಗಳು ಸರಿಯಾಗಿ ಕೂಡಿಕೊಳ್ಳುತ್ತಿರಲಿಲ್ಲ. 2017ರಲ್ಲಿ ಬಂದ 1.5.3ರಲ್ಲಿ ಅಕ್ಷರ ಜೋಡಣೆಯ ಕೆಲಸವನ್ನು ಹಾರ್ಫ್‌ಬಜ್ ಎಂಬ ಲೈಬ್ರರಿಗೆ (ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಕೋಡ್‌ನ ಸಂಗ್ರಹಕ್ಕೆ) ಒಪ್ಪಿಸಿದರು. ಅದಕ್ಕಾಗಿ ಒಮಾನ್ ದೇಶದ ತಂಡವೊಂದು ದುಡಿದಿತ್ತು. ಅರಬ್ಬಿ ಲಿಪಿಗೆ ಬೇಕಾದ ವ್ಯವಸ್ಥೆಯೇ ನಮ್ಮ ಲಿಪಿಗಳಿಗೂ ಬಾಗಿಲು ತೆರೆಯಿತು. ಆದರೆ ಸ್ಥಿರ ಆವೃತ್ತಿಯಾದ 1.6.0 ಬಿಡುಗಡೆಯಾದದ್ದು 2024ರ ಜನವರಿಯಲ್ಲಿ. ಅಂದರೆ ಅಲ್ಲಿಯವರೆಗೆ ಸ್ಕ್ರೈಬಸ್‌ನಲ್ಲಿ ಕನ್ನಡ ಪುಸ್ತಕ ಕಟ್ಟಿದವರೆಲ್ಲರೂ, ತಿಳಿದೋ ತಿಳಿಯದೆಯೋ, ಪರೀಕ್ಷಕರೇ ಆಗಿದ್ದರು. ಅವರಲ್ಲಿ ವರದಿ ಬರೆದವರು ಇನ್ನಷ್ಟು ಮಂದಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಇಂದಿಗೂ ಅನಿಸುತ್ತದೆ.

ಕನ್ನಡ ಓದಲು ಬಾರದ ತಂತ್ರಜ್ಞನ ಕಣ್ಣಿಗೆ ಒಡೆದ ಒತ್ತಕ್ಷರವೂ ಸರಿಯಾದ ಒತ್ತಕ್ಷರವೂ ಒಂದೇ ಬಗೆಯ ಚಿತ್ರಗಳಾಗಿ ಕಾಣುತ್ತವೆ. ಆ ವ್ಯತ್ಯಾಸವನ್ನು ನೀವು ಮಾತ್ರ ಹೇಳಬಲ್ಲಿರಿ.

ಉತ್ತರ (ಕರಡುಪುಟ)

ಎರಡನೆಯ ಪ್ರಶ್ನೆಗೆ ನನ್ನ ಅನುಭವದಿಂದ ಉತ್ತರಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಬೇರೊಂದು ವಿನ್ಯಾಸ ತಂತ್ರಾಂಶದ ಬೀಟಾ ಆವೃತ್ತಿಯಲ್ಲಿ ಒಂದು ಸ್ಮರಣ ಸಂಚಿಕೆಯ ಮೂಲ ಕಡತವನ್ನೇ ತೆರೆದು ಉಳಿಸಿದೆ. ಮರುದಿನ ಹಳೆಯ ಆವೃತ್ತಿಯಲ್ಲಿ ಅದು ತೆರೆಯಲೇ ಇಲ್ಲ. ಮುದ್ರಣಾಲಯದವರು ಪ್ಲೇಟ್ ಮಾಡಲು ಕಾಯುತ್ತಿದ್ದರು. ನಾನು ನಲವತ್ತು ಪುಟಗಳನ್ನು ಎರಡು ರಾತ್ರಿ ಕುಳಿತು ಮತ್ತೆ ಕಟ್ಟಿದೆ. ಅಂದಿನಿಂದ ಪರೀಕ್ಷೆಗೆ ಪ್ರತ್ಯೇಕ ಫೋಲ್ಡರ್ ಇಟ್ಟುಕೊಂಡು, ಈಗಾಗಲೇ ಅಚ್ಚಾಗಿ ಹೋದ ಸಂಚಿಕೆಯ ನಕಲನ್ನು ಮಾತ್ರ ಅದರಲ್ಲಿ ತೆರೆಯುತ್ತೇನೆ. ಹೀಗೆ ಮಾಡುವುದರಲ್ಲಿ ಇನ್ನೊಂದು ಲಾಭವಿದೆ: ಸರಿಯಾದ ಪುಟ ಹೇಗಿರಬೇಕೆಂಬುದು ಮುದ್ರಿತ ಪ್ರತಿಯಲ್ಲೇ ಇರುವುದರಿಂದ ಸಾಲು ಸಾಲಾಗಿ ಹೋಲಿಸಿ ನೋಡಬಹುದು. 1.6ನ್ನು ತೆಗೆಯಬೇಡಿ. ಲಿನಕ್ಸ್‌ನಲ್ಲಾದರೆ ಆ್ಯಪ್‌ಇಮೇಜ್ ಎಂಬ ಒಂದೇ ಕಡತವನ್ನು ಇಳಿಸಿಕೊಂಡು, ಅನುಸ್ಥಾಪಿಸದೆಯೇ ನೇರವಾಗಿ ಓಡಿಸಬಹುದು.

ಸ್ಕ್ರೈಬಸ್‌ನಲ್ಲಿ ಚುಕ್ಕೆಯ ನಂತರದ ಅಂಕಿ ಬೆಸವಾಗಿದ್ದರೆ ಅದು ಅಭಿವೃದ್ಧಿಯ ಸರಣಿ, ಸಮವಾಗಿದ್ದರೆ ಸ್ಥಿರ ಸರಣಿ ಎಂಬುದನ್ನು ನೆನಪಿಟ್ಟುಕೊಂಡರೆ ಗೊಂದಲವಾಗುವುದಿಲ್ಲ.

ಉತ್ತರ (ಅರ್ಕಾವತ್ತು)

ಏನನ್ನು ಪರೀಕ್ಷಿಸಬೇಕು ಎಂಬುದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ಕನ್ನಡದ ಪರೀಕ್ಷಕರು ಹೆಚ್ಚಿನ ಬೆಲೆಯ ಕೆಲಸ ಮಾಡಬಹುದಾದದ್ದು ಇಲ್ಲಿಯೇ.

‘ಸ್ವಾತಂತ್ರ್ಯ’, ‘ರಾಷ್ಟ್ರೀಯ’, ‘ಶಾಸ್ತ್ರ’ದಂತಹ ಎರಡು ಒತ್ತುಗಳಿರುವ ಪದಗಳನ್ನು ಹಾಕಿ ನೋಡಿ. ‘ಸೂರ್ಯ’ದಲ್ಲಿ ಅರ್ಕಾವತ್ತು ಬರಬೇಕು, ‘ರ‍್ಯಾಂಕ್’ ಎಂಬಲ್ಲಿ ಬರಬಾರದು. ಆ ಎರಡನೆಯ ರೂಪಕ್ಕೆ ರಕಾರದ ನಂತರ ಕಣ್ಣಿಗೆ ಕಾಣದ ಜೋಡಣೆಯ ಸಂಕೇತವೊಂದಿರುತ್ತದೆ, ಬೇರೆಡೆಯಿಂದ ಪಠ್ಯವನ್ನು ತರುವಾಗ ಅದು ಉಳಿಯಿತೇ ಎಂದು ಗಮನಿಸಬೇಕು. ಅಕ್ಷರಗಳ ನಡುವಿನ ಅಂತರವನ್ನು ಹಿಗ್ಗಿಸಿದಾಗ ಒತ್ತು ತನ್ನ ಅಕ್ಷರವನ್ನು ಬಿಟ್ಟು ಸರಿಯುತ್ತದೆಯೇ, ಸಾಲುಗಳ ಅಂತರ ಕಡಿಮೆಯಾದಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆಯೇ, ಸಾಲು ಮುರಿಯುವಾಗ ಸಂಯುಕ್ತಾಕ್ಷರವೇ ಒಡೆಯುತ್ತದೆಯೇ ಎಂಬುದನ್ನೂ ನೋಡಿ. ಕೊನೆಗೆ ಪಿಡಿಎಫ್ ಮಾಡಿ, ಅದರಿಂದ ಒಂದು ವಾಕ್ಯವನ್ನು ನಕಲಿಸಿ ಬೇರೆಡೆ ಅಂಟಿಸಿ. ಅಕ್ಷರಗಳು ಕ್ರಮ ತಪ್ಪಿದರೆ ಅದೂ ವರದಿಗೆ ಅರ್ಹ.

ವರದಿ ಬರೆಯುವ ಮುನ್ನ ತಪ್ಪು ಫಾಂಟ್‌ನದೋ ತಂತ್ರಾಂಶದ್ದೋ ಎಂದು ವಿಚಾರಿಸಿ. ಅದೇ ಪದವನ್ನು ನೋಟೋ ಸೆರಿಫ್ ಕನ್ನಡದಂತಹ ಇನ್ನೊಂದು ಫಾಂಟ್‌ನಲ್ಲಿಯೂ, ಅದೇ ಫಾಂಟ್ ಬಳಸಿ ಲಿಬ್ರೆಆಫೀಸ್‌ನಲ್ಲಿಯೂ ಬರೆದು ನೋಡಿ. ಲಿಬ್ರೆಆಫೀಸ್ ಸಹ ಹಾರ್ಫ್‌ಬಜ್ ಅನ್ನೇ ಬಳಸುವುದರಿಂದ, ಅಲ್ಲಿ ಸರಿಯಾಗಿದ್ದು ಸ್ಕ್ರೈಬಸ್‌ನಲ್ಲಿ ಮಾತ್ರ ತಪ್ಪಾದರೆ ದೋಷವು ಬಹುಮಟ್ಟಿಗೆ ಸ್ಕ್ರೈಬಸ್‌ನದೇ ಎಂದು ತಿಳಿಯಬಹುದು. ಆಗ ಅವರ ದೋಷ ದಾಖಲಾತಿಯ ತಾಣದಲ್ಲಿ ಮೊದಲು ಹುಡುಕಿ, ಯಾರೂ ಹೇಳಿರದಿದ್ದರೆ ಹೊಸ ವರದಿ ತೆರೆಯಿರಿ. ಇಡೀ ಪತ್ರಿಕೆಯನ್ನು ಕಳಿಸದೆ, ಒಂದೇ ಪದವಿರುವ ಒಂದು ಪುಟದ ಕಡತ, ಫಾಂಟ್‌ನ ಹೆಸರು, ಆವೃತ್ತಿಯ ಪೂರ್ಣ ಸಂಖ್ಯೆ, ಕಾರ್ಯಾಚರಣಾ ವ್ಯವಸ್ಥೆ ಇಷ್ಟನ್ನು ಕೊಡಿ. ಜೊತೆಗೆ ‘ಹೀಗೆ ಕಾಣಬೇಕು’, ‘ಹೀಗೆ ಕಾಣುತ್ತಿದೆ’ ಎಂಬ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು, ತಪ್ಪಿರುವಲ್ಲಿ ಕೆಂಪು ವೃತ್ತ ಹಾಕಿ. ಇಂಗ್ಲಿಷ್ ಸರಳವಾಗಿದ್ದರೆ ಸಾಕು.

ತ್ರೈಮಾಸಿಕ

ಎಲ್ಲರಿಗೂ ಕೃತಜ್ಞತೆಗಳು. ಕಳೆದ ಸಂಚಿಕೆಯಲ್ಲಿ ಹಳಗನ್ನಡ ಪದ್ಯಗಳಿರುವ ಲೇಖನವೊಂದಿದೆ. ಒತ್ತಕ್ಷರಗಳು ಅದರಲ್ಲಿ ದಟ್ಟವಾಗಿವೆ. ಅದರ ನಕಲನ್ನು ಇಂದು ಪ್ರತ್ಯೇಕ ಫೋಲ್ಡರ್‌ಗೆ ಹಾಕಿದ್ದೇನೆ. ಭಾನುವಾರ ಮುದ್ರಿತ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಿ, ಸಿಕ್ಕಿದ್ದನ್ನು ವರದಿ ಮಾಡುವ ಮೊದಲು ಇಲ್ಲಿ ತೋರಿಸುತ್ತೇನೆ.