ಹೊಸಬರಿಗೆ ಮೊದಲ ದಿನವೇ ಕಂಪ್ಯೂಟರ್ ಕೈಗೆ ಸಿಗುವುದು ಹೇಗೆ?

ಕೊಪ್ಪಳದಿಂದ: ಎಲ್ಲರಿಗೂ ನಮಸ್ಕಾರ. ನಮ್ಮದು ಮಕ್ಕಳ ಓದಿಗೆ ನೆರವಾಗುವ ಸಣ್ಣ ಸಂಸ್ಥೆ. ಇರುವುದೇ ಮೂರು ಕಂಪ್ಯೂಟರ್. ಹೊಸ ಸಿಬ್ಬಂದಿ, ಸ್ವಯಂಸೇವಕರು ಬರುತ್ತಲೇ ಇರುತ್ತಾರೆ. ಲಾಗಿನ್ ಮಾಡಿಕೊಟ್ಟು ಕೆಲಸ ತೋರಿಸುವಷ್ಟರಲ್ಲಿ ವಾರ ಕಳೆದುಹೋಗುತ್ತದೆ. ನೀವೆಲ್ಲ ಹೇಗೆ ಮಾಡುತ್ತೀರಿ?

ರಾಯಚೂರಿನಿಂದ: ಮೇಡಂ, ಅವರು ಬಂದ ಮೇಲೆ ಲಾಗಿನ್ ಮಾಡಲು ಕೂರಬೇಡಿ. ಹಿಂದಿನ ದಿನವೇ ಮಾಡಿಟ್ಟುಬಿಡಿ. ವಿಂಡೋಸ್‌ನಲ್ಲಿ ಸಾಫ್ಟ್‌ವೇರ್ ಹಾಕುವ, ಸೆಟ್ಟಿಂಗ್ ಬದಲಿಸುವ ಅಧಿಕಾರವಿರುವ ಅಡ್ಮಿನಿಸ್ಟ್ರೇಟರ್ ಅಕೌಂಟ್ ಒಬ್ಬರ ಕೈಯಲ್ಲಿರಲಿ, ಉಳಿದವರಿಗೆ ಸ್ಟ್ಯಾಂಡರ್ಡ್ ಅಕೌಂಟ್ ಸಾಕು. ಸಿಕ್ಕಸಿಕ್ಕ ಸಾಫ್ಟ್‌ವೇರ್ ಹಾಕುವ ಕಾಟ ತಪ್ಪುತ್ತದೆ.

ಇಮೇಲ್ ಐಡಿ ಮಾತ್ರ ಕೆಲಸದ ಹೆಸರಲ್ಲಿರಲಿ: ಲೆಕ್ಕ, ಹಾಜರಿ, ಹೀಗೆ. ಅದಕ್ಕಿಂತ ಮುಖ್ಯ, ಅದಕ್ಕೆ ಯಾರ ಮೊಬೈಲ್ ನಂಬರ್ ಕೊಟ್ಟಿದ್ದೀರಿ ಅನ್ನುವುದು. ನಮ್ಮಲ್ಲಿ ಒಬ್ಬ ಹುಡುಗ ತನ್ನ ನಂಬರ್ ಕೊಟ್ಟು ಐಡಿ ತೆರೆದಿದ್ದ. ಆಮೇಲೆ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ. ಒಟಿಪಿ ಬೇಕಾದಾಗಲೆಲ್ಲ ಅವನಿಗೆ ಫೋನ್ ಮಾಡಬೇಕು. ಅವನು ಡ್ಯೂಟಿಯಲ್ಲಿದ್ದರೆ ಇಲ್ಲಿ ಎಲ್ಲರೂ ಕೈಕಟ್ಟಿ ಕೂರಬೇಕು. ಈಗ ಆಫೀಸಿನದೇ ಒಂದು ಸಿಮ್ ತಗೊಂಡು, ಕೀಪ್ಯಾಡ್ ಫೋನಿಗೆ ಹಾಕಿ, ಬೀರುವಿನಲ್ಲಿ ಇಟ್ಟಿದ್ದೇವೆ. ರೀಚಾರ್ಜ್ ಮಾತ್ರ ತಪ್ಪಿಸಬೇಡಿ. ತಿಂಗಳುಗಟ್ಟಲೆ ಬಿಟ್ಟರೆ ನಂಬರ್ ಬಂದ್ ಆಗಿ ಬೇರೆಯವರಿಗೆ ಹೋಗಬಹುದು.

ಬಳ್ಳಾರಿಯಿಂದ: ಹೊಸಬರಿಗೆ ಜಾಸ್ತಿ ಹೊತ್ತು ಹಿಡಿಯುವುದು ಕನ್ನಡ ಟೈಪಿಂಗ್. ಒಬ್ಬರು ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಪತ್ರ ಮಾಡಿರುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ. ಇನ್ನು ಮುಂದೆ ಎಲ್ಲವೂ, ಯಾವ ಕಂಪ್ಯೂಟರಿನಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ನಲ್ಲೇ ಅಂತ ತೀರ್ಮಾನ ಮಾಡಿಬಿಡಿ. ಕನ್ನಡ ಕೀಬೋರ್ಡ್ ಕಲಿಯದವರಿಗೆ ವಿಂಡೋಸ್ 10ರಲ್ಲೇ, 2019ರ ಅಪ್‌ಡೇಟಿನಿಂದ, ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರಣೆಯಂತೆ ಒತ್ತಿದರೆ ಕನ್ನಡ ಮೂಡುವ ಫೋನೆಟಿಕ್ ಕೀಬೋರ್ಡ್ ಇದೆ. ಒಮ್ಮೆ ಸೇರಿಸಿಟ್ಟರೆ, ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿದಾಗ ಭಾಷೆ ಬದಲಾಗುತ್ತದೆ.

ಕಲಿಸುವಾಗ ಮೌಸ್ ಅವರ ಕೈಯಲ್ಲೇ ಇರಲಿ. ನಾವು ಹಿಡಿದು ಚಕಚಕ ತೋರಿಸಿದರೆ "ಹೂಂ, ಗೊತ್ತಾಯ್ತು" ಅಂತಾರೆ. ನಾವು ಎದ್ದು ಹೋದ ಮೇಲೆ ಸುಮ್ನೆ ಕೂರುತ್ತಾರೆ. ಮತ್ತೆ ಕೇಳಲು ಸಂಕೋಚ, ಅದರಲ್ಲೂ ರಿಟೈರ್ ಆದ ಮೇಷ್ಟ್ರುಗಳಿಗೆ. ನಮ್ಮಲ್ಲಿ ಹಿಂದಿನ ದಿನದ ಹಾಜರಿ ಪುಸ್ತಕ ಕೊಟ್ಟು, ಎಕ್ಸೆಲ್‌ಗೆ ಅವರಿಂದಲೇ ಹಾಕಿಸುತ್ತೇವೆ. ತಪ್ಪಾದರೂ ತಡೆಯುವುದಿಲ್ಲ, ಕೊನೆಗೆ ಇಬ್ಬರೂ ಸೇರಿ ನೋಡುತ್ತೇವೆ. ಸೇವ್ ಮಾಡುವ ಅಭ್ಯಾಸವನ್ನು ಮೊದಲ ಗಂಟೆಯಲ್ಲೇ ಹಿಡಿಸಿ. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಯಾವಾಗ ಹೋಗುತ್ತೋ ಹೇಳೋಕಾಗಲ್ಲ ಅಲ್ವಾ!

ಸಿಂಧನೂರಿನಿಂದ: ಸೇರುವ ದಿನದಷ್ಟೇ ಬಿಡುವ ದಿನಕ್ಕೂ ತಯಾರಿ ಬೇಕು ಮೇಡಂ. ಅವತ್ತೇ ಪಾಸ್‌ವರ್ಡ್ ಬದಲಿಸಿ, ಆನ್‌ಲೈನಿನಲ್ಲಿ ಎಲ್ಲರೂ ಹಂಚಿಕೊಂಡಿರುವ ಡ್ರೈವ್ ಫೋಲ್ಡರಿನಿಂದ ಅವರ ಹೆಸರು ತೆಗೆಯಿರಿ. ಮಕ್ಕಳ ಆಧಾರ್, ತಂದೆತಾಯಿಯ ಫೋನ್ ನಂಬರ್ ಎಲ್ಲ ಅದರಲ್ಲೇ ಇರುತ್ತವೆ. ಬೇಜಾರು ಮಾಡಿಕೊಳ್ಳುತ್ತಾರೇನೋ ಅಂತ ಹಿಂಜರಿಯಬೇಡಿ. ಎಲ್ಲರಿಗೂ ಇದೇ ನಿಯಮ ಅಂತ ಸೇರುವಾಗಲೇ ಹೇಳಿಟ್ಟರೆ ಯಾರಿಗೂ ನೋವಾಗುವುದಿಲ್ಲ. ಆಫೀಸಿನ ಕಂಪ್ಯೂಟರಿನಲ್ಲಿ ಅವರ ವಾಟ್ಸ್‌ಆ್ಯಪ್ ವೆಬ್ ತೆರೆದೇ ಉಳಿದಿದೆಯಾ, ಅದನ್ನೂ ಅವರ ಎದುರೇ ನೋಡಿ ಲಾಗೌಟ್ ಮಾಡಿಸಿ.