ಎರಡು ಕೇಬಲ್ ಒಟ್ಟು ಮಾಡಿದ ಮೇಲೆ ನ್ಯಾಸ್ (ಎಲ್ಲರ ಫೈಲ್ ಇಡುವ ನೆಟ್‌ವರ್ಕ್ ಡಬ್ಬ) ಸರಿ ಸಿಗ್ತಾ ಇಲ್ಲ

ಪೆರ್ಲದ ಲ್ಯಾಬ್:
ನಮ್ಮ ಶಾಲೆಯ ಹಳೆ ಕಟ್ಟಡದ ಆಫೀಸಲ್ಲಿ ಸಿಸ್ಕೋ 2960 ಸ್ವಿಚ್, ಹೊಸ ಕಟ್ಟಡದ ಲ್ಯಾಬಲ್ಲಿ ಟಿಪಿ-ಲಿಂಕ್ ಸ್ವಿಚ್. ನಡುವೆ ಎರಡು ಕ್ಯಾಟ್6 ಕೇಬಲ್ ಎಳೆದು, ಎರಡೂ ಸೇರಿ ಒಂದೇ ಲಿಂಕ್ ಆಗ್ಲಿ ಅಂತ ಸೆಟ್ ಮಾಡಿದ್ದು. ಸಿಸ್ಕೋದಲ್ಲಿ ಚಾನೆಲ್-ಗ್ರೂಪ್ ಮೋಡ್ 'ಆನ್', ಟಿಪಿ-ಲಿಂಕಲ್ಲಿ ಎಲ್‌ಎಸಿಪಿ (ಎರಡು ಸ್ವಿಚ್ ಪರಸ್ಪರ ಮಾತಾಡಿ ಕೇಬಲ್ ಒಟ್ಟು ಮಾಡುವ ಕ್ರಮ). ಈಥರ್‌ಚಾನೆಲ್ ಸಮ್ಮರಿಯಲ್ಲಿ (ಸಿಸ್ಕೋ ತೋರಿಸುವ ಪಟ್ಟಿ) ಎರಡೂ ಪೋರ್ಟಿಗೆ 'ಪಿ', ಅಂದ್ರೆ ಒಟ್ಟಾಗಿದೆ ಅಂತ ಗುರುತು, ಉಂಟು. ಆದ್ರೂ ಲ್ಯಾಬಿನ ಕೆಲವು ಪಿಸಿಗೆ ಆಫೀಸಿನ ನ್ಯಾಸ್ ಒಮ್ಮೆ ಸಿಗ್ತದೆ, ಒಮ್ಮೆ ಇಲ್ಲ. ಲಾಗ್ ತುಂಬ ಮ್ಯಾಕ್ ಫ್ಲ್ಯಾಪಿಂಗ್ (ಒಂದೇ ಯಂತ್ರದ ಮ್ಯಾಕ್ ವಿಳಾಸ ಒಮ್ಮೆ ಒಂದು ಪೋರ್ಟಲ್ಲಿ, ಒಮ್ಮೆ ಇನ್ನೊಂದರಲ್ಲಿ ಕಾಣುದು). ಸಿಕ್ಕಿದಾಗಲೂ ವಿಡಿಯೊ ಕಾಪಿ ಸೆಕೆಂಡಿಗೆ 110 ಎಂಬಿ ದಾಟುದಿಲ್ಲ. ಎರಡು ಗಿಗಾಬಿಟ್ ಆಗ್ಬೇಕಲ್ವಾ?

ಕುಂಬಳೆ ಕ್ರಿಂಪರ್:
ಆ 'ಪಿ'ಯನ್ನು ನಂಬಬೇಡಿ ಮಾರಾಯ್ರೆ. 'ಆನ್' ಅಂದ್ರೆ ಆಚೆಯವನನ್ನು ಕೇಳುದೇ ಇಲ್ಲ, ತಾನೇ 'ಪಿ' ಬರೆದುಕೊಳ್ತದೆ. ಟಿಪಿ-ಲಿಂಕ್ ಎಲ್‌ಎಸಿಪಿಯ ಉತ್ತರಕ್ಕೆ ಕಾಯ್ತದೆ, ಬರುದಿಲ್ಲ, ಎರಡನ್ನೂ ಬೇರೆ ಬೇರೆ ಪೋರ್ಟ್ ಅಂತಲೇ ನಡೆಸ್ತದೆ. ಆಗ ನ್ಯಾಸಿನ ಬ್ರಾಡ್‌ಕಾಸ್ಟ್ (ಎಲ್ಲರಿಗೂ ಕಳಿಸುವ ಪ್ಯಾಕೆಟ್) ಒಂದು ಕೇಬಲಲ್ಲಿ ಹೋಗಿ ಇನ್ನೊಂದರಲ್ಲಿ ವಾಪಸ್ ಬರ್ತದೆ. ನ್ಯಾಸ್ ಲ್ಯಾಬಿನ ಕಡೆ ಉಂಟು ಅಂತ ಸಿಸ್ಕೋ ತಿಳ್ಕೊಳ್ತದೆ. ನಿಮ್ಮ ಫ್ಲ್ಯಾಪಿಂಗ್ ಅದೇ.

ಮೊದಲು ಒಂದು ಕೇಬಲ್ ತೆಗೀರಿ. ಸಿಸ್ಕೋದ ಎರಡೂ ಪೋರ್ಟಲ್ಲಿ 'ನೋ ಚಾನೆಲ್-ಗ್ರೂಪ್' ಕೊಟ್ಟು, ಮೋಡ್ 'ಆಕ್ಟಿವ್' ಮಾಡಿ. ಟಿಪಿ-ಲಿಂಕ್ ಪ್ಯಾಸಿವ್ (ಕೇಳಿದ್ರೆ ಮಾತ್ರ ಉತ್ತರ ಕೊಡುದು) ಇದ್ರೂ ಆಗ್ತದೆ. ಎರಡೂ ಕಡೆ ಪ್ಯಾಸಿವ್ ಆದ್ರೆ ಮಾತ್ರ ಯಾರೂ ಮಾತು ಶುರು ಮಾಡುದಿಲ್ಲ. ವಿಎಲ್ಯಾನ್ (ಸ್ವಿಚ್ಚಿನ ಒಳಗೆ ಬೇರೆ ಮಾಡಿದ ನೆಟ್‌ವರ್ಕ್), ಸ್ಪೀಡ್ ಎರಡೂ ಪೋರ್ಟಿಗೆ ಒಂದೇ ಇರ್ಲಿ.

110ರ ವಿಷಯ: ಅದು ಒಂದು ಗಿಗಾಬಿಟ್ ಕೇಬಲಿನ ಸ್ಪೀಡೇ. ಒಂದು ಕಾಪಿ ಒಂದೇ ಕೇಬಲಲ್ಲಿ ಹೋಗುದು. ಪ್ಯಾಕೆಟ್ ಹಿಂದೆ ಮುಂದೆ ಆಗಬಾರದು ಅಂತ ಹಾಗೆ ಮಾಡಿದ್ದು. ಅದ್ರ ಮೇಲೆ 2960 ಡಿಫಾಲ್ಟಾಗಿ ಕಳಿಸುವವನ ಮ್ಯಾಕ್ ಮಾತ್ರ ನೋಡ್ತದೆ. ಕಳಿಸುವವನು ಯಾವಾಗಲೂ ಆ ನ್ಯಾಸ್ ಒಂದೇ ಆದ್ರೆ ಇಡೀ ಲ್ಯಾಬಿನ ಕಾಪಿ ಒಂದೇ ಕೇಬಲಿಗೆ. ಲೋಡ್-ಬ್ಯಾಲೆನ್ಸನ್ನು (ಯಾವುದು ಯಾವ ಕೇಬಲಿಗೆ ಅಂತ ಆರಿಸುವ ಕ್ರಮ) ಸೋರ್ಸ್-ಡೆಸ್ಟಿನೇಶನ್ ಐಪಿಗೆ, ಅಂದ್ರೆ ಕಳಿಸುವವನ ಮತ್ತು ಪಡೆಯುವವನ ವಿಳಾಸಕ್ಕೆ, ಹಾಕಿ. ನ್ಯಾಸಿಂದ ಸ್ವಿಚ್ಚಿಗೆ ಎಷ್ಟು ಕೇಬಲ್? ಒಂದೇ ಆದ್ರೆ ಅದು ಕೊಡುದೇ ಒಂದು ಗಿಗಾಬಿಟ್.

ಉಪ್ಪಳದವ:
ಕಟ್ಟಡದಿಂದ ಕಟ್ಟಡಕ್ಕೆ ತಾಮ್ರವಾ? ತುಲಾ ತಿಂಗಳ ಮಳೆಗೆ ಮುಂಚೆ ಫೈಬರ್ ಎಳೀರಿ. ನಮ್ಮಲ್ಲಿ ಸಿಡಿಲಿಗೆ ಎರಡೂ ಸ್ವಿಚ್ ಒಟ್ಟಿಗೇ ಹೋದವು.

ಪೆರ್ಲದ ಲ್ಯಾಬ್:
ಆಕ್ಟಿವ್ ಮಾಡಿದೆ ಅಣ್ಣ, ಫ್ಲ್ಯಾಪಿಂಗ್ ನಿಂತಿತು. ನ್ಯಾಸಿಗೆ ಒಂದೇ ಕೇಬಲ್. ಫೈಬರಿಗೆ ಹೆಡ್‌ಮಾಷ್ಟ್ರು ಕೊಟೇಶನ್ ಕೇಳಿದ್ದಾರೆ.

ಕುಂಬಳೆ ಕ್ರಿಂಪರ್:
ಹಾಗಾದ್ರೆ ಕೊಟೇಶನಲ್ಲಿ ಎಸ್‌ಎಫ್‌ಪಿ (ಫೈಬರನ್ನು ಸ್ವಿಚ್ಚಿಗೆ ಸಿಕ್ಕಿಸುವ ಮಾಡ್ಯೂಲ್) ಎರಡು ಜೊತೆ ಬರೆಸಿ. ಆ ಟಿಪಿ-ಲಿಂಕಲ್ಲಿ ಎಸ್‌ಎಫ್‌ಪಿ ಸ್ಲಾಟ್ ಉಂಟಾ ನೋಡಿ ಮೊದಲು.