ಅಡಿಕೆ ತೋಟದ ಜೊತೆ ಟೆಂಟ್ ವಾಸ: ಕಾಡುಪ್ರಾಣಿಗೆ ತೊಂದರೆ ಆಗದ ಹಾಗೆ ಮಾಡೋದು ಹೇಗೆ?

ಪ್ರಶ್ನೆ (ಗುಂಪಿನ ಸದಸ್ಯ, ಉಡುಪಿ ಜಿಲ್ಲೆಯ ಹೆಬ್ರಿ ಕಡೆಯ ಕೃಷಿಕ): ನಮಸ್ಕಾರ ಮೇಡಂ. ನಮಗೆ ನಾಲ್ಕು ಎಕರೆ ಅಡಿಕೆ ತೋಟ ಇದೆ. ಮನೆಯ ಮೇಲ್ಗಡೆ ಗೇರು ಗುಡ್ಡೆ, ಕೆಳಗೆ ಬೇಸಾಯ ಬಿಟ್ಟು ಹಡಿಲು ಬಿದ್ದ ಗದ್ದೆ. ತೋಟದ ಹಿಂದೆ ತೋಡು (ಸಣ್ಣ ಹಳ್ಳ), ಅದರಾಚೆ ಹಾಡಿ (ಸಣ್ಣ ಕಾಡು). ಎಲೆಚುಕ್ಕಿ ರೋಗ ಬಂದ ಮೇಲೆ ಅಡಿಕೆ ಒಂದನ್ನೇ ನಂಬಿ ಕೂರಲು ಧೈರ್ಯ ಸಾಲುತ್ತಿಲ್ಲ. ಆರು ಟೆಂಟ್ ಹಾಕಿ ಹಕ್ಕಿ, ಪ್ರಾಣಿ ನೋಡುವವರನ್ನು ಕರೆಯೋಣ ಅಂತ ನಾನೂ ನನ್ನ ಹೆಂಡತಿಯೂ ಯೋಚಿಸಿದ್ದೇವೆ. ಟೆಂಟಿಗೆ ತೋಡಿನ ಬದಿಯ ಹಾಡಿಯೇ ಚಂದ ಅಂತ ನಮ್ಮ ಲೆಕ್ಕ. ಅಪ್ಪಯ್ಯನಿಗೆ ಮಾತ್ರ ಇಷ್ಟ ಇಲ್ಲ. ಜನ ಬಂದರೆ ಮಂಗಟ್ಟೆ ಹಕ್ಕಿ ಬಿಟ್ಟು ಹೋಗ್ತದೆ ಅಂತಾರೆ. ಏನು ಮಾಡೋಣ?

ಉತ್ತರ (ವನ್ಯಜೀವಿ ಸಲಹೆಗಾರ್ತಿ): ಅಪ್ಪಯ್ಯನ ಮಾತು ಕೇಳಿ. ಟೆಂಟ್ ಹಾಡಿಯಲ್ಲಿ ಬೇಡ, ಗೇರು ಗುಡ್ಡೆಯಲ್ಲಿ ಹಾಕಿ. ಉಳಿದದ್ದೆಲ್ಲ ಆಮೇಲಿನ ಮಾತು.

ಕಾರಣ ಹೇಳುತ್ತೇನೆ. ನಿಮ್ಮಲ್ಲಿಗೆ ಪ್ರವಾಸಿಗರು ಬರುವುದು ಹೆಚ್ಚಾಗಿ ಅಕ್ಟೋಬರಿನಿಂದ ಮೇ ತನಕ. ಮಂಗಟ್ಟೆ ಗೂಡು ಮಾಡುವುದೂ ಬೇಸಿಗೆಯ ಆ ತಿಂಗಳುಗಳಲ್ಲೇ. ಹೆಣ್ಣು ಹಕ್ಕಿ ದೊಡ್ಡ ಮರದ ಪೊಟರೆಯೊಳಗೆ ಹೋಗಿ, ಸಣ್ಣ ಸೀಳು ಬಿಟ್ಟು ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ. ವಾರಗಟ್ಟಲೆ ಗಂಡು ತಂದುಕೊಡುವುದೇ ಅದಕ್ಕೆ ಆಹಾರ. ಮರದ ಕೆಳಗೆ ಜನ ಓಡಾಡಿದರೆ ಗಂಡು ಹತ್ತಿರ ಬರಲು ಹಿಂಜರಿಯುತ್ತದೆ. ಒಳಗಿರುವ ತಾಯಿ, ಮರಿ ಉಪವಾಸ ಬೀಳುತ್ತವೆ. ತೋಡಿನ ದಂಡೆಯೂ ಹಾಗೆಯೇ. ಕಬ್ಬೆಕ್ಕು, ಕಾಡುಹಂದಿ, ಒಮ್ಮೊಮ್ಮೆ ಚಿರತೆ, ಎಲ್ಲವೂ ರಾತ್ರಿ ಓಡಾಡುವುದು ಅಲ್ಲೇ. ಅವುಗಳ ದಾರಿಗೆ ಅಡ್ಡ ಮಲಗಬಾರದು ಅಲ್ವಾ?

ಇನ್ನೊಂದು ವಿಷಯ. ಹಕ್ಕಿ ನೋಡುವವರಿಗೆ ಕಾಡಿನ ಒಳಗಿಗಿಂತ ಕಾಡಿನ ಅಂಚಿನಲ್ಲಿ ಜಾಸ್ತಿ ಕಾಣುತ್ತದೆ. ಗುಡ್ಡೆಯ ಮೇಲಿಂದ ಹಾಡಿಯ ಮರಗಳ ತುದಿ ಕಣ್ಣಿನ ಮಟ್ಟಕ್ಕೇ ಬರುತ್ತದೆ. ಅಲ್ಲಿ ಒಂದು ಬೆಂಚು ಹಾಕಿ, ಸಾಕು. ಆ ಗುಡ್ಡೆಯ ಗೇರಿಗೆ ಹೂ ಬಿಡುವ ಕಾಲದಲ್ಲಿ ಕೀಟನಾಶಕ ಹೊಡೆಯುವವರಾದರೆ ಟೆಂಟ್ ಇರುವ ಕಡೆ ಅದನ್ನು ನಿಲ್ಲಿಸಲೇಬೇಕು.

ಹಾಡಿ ನಿಮ್ಮ ವರ್ಗ (ಪಟ್ಟಾ) ಜಾಗದಲ್ಲಿದೆಯಾ, ಕುಮ್ಕಿಯಾ? ವರ್ಗ ಜಾಗದ ಪಕ್ಕ 100 ಗಜದೊಳಗಿನ ಕುಮ್ಕಿ ಸರಕಾರದ್ದು. ಸೊಪ್ಪು, ತರಗೆಲೆ, ಕಟ್ಟಿಗೆ ತರುವ ಸವಲತ್ತು ನಿಮಗಿದೆ. ಆದರೆ ಅಲ್ಲಿ ವ್ಯಾಪಾರಕ್ಕೆ ಏನನ್ನೂ ಕಟ್ಟುವಂತಿಲ್ಲ.

ಕೃಷಿಕ: ಹಾಡಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಕುಮ್ಕಿಯೇ ಮೇಡಂ. ಹಾಗಾದರೆ ಗುಡ್ಡೆಯೇ ಸರಿ. ಅಲ್ಲಿಗೆ ಕರೆಂಟ್ ಎಳೆದು ದಾರಿಗೆಲ್ಲ ಲೈಟ್ ಹಾಕುವ ಯೋಚನೆ ಇತ್ತು. ಮಳೆಗಾಲದಲ್ಲೂ ನಡೆಸಬಹುದಾ?

ಉತ್ತರ: ಲೈಟ್ ಕಂಬ ಬೇಡವೇ ಬೇಡ. ಮೇ, ಜೂನಿನ ಹೊತ್ತಿಗೆ ಮೊದಲ ಮಳೆ ಬಿದ್ದಾಗ ನಿಮ್ಮ ತೋಡಿನ ಬದಿ ಮಿಣುಕುಹುಳ ತುಂಬಿಕೊಳ್ಳುತ್ತವಲ್ಲ, ಅವು ಜೋಡಿ ಹುಡುಕುವುದು ಬೆಳಕಿನ ಸನ್ನೆಯಿಂದ. ಗಂಡು ಹಾರುತ್ತಾ ಮಿನುಗುತ್ತದೆ, ಹೆಣ್ಣು ಹುಲ್ಲಿನಲ್ಲಿ ಕೂತು ಉತ್ತರ ಕೊಡುತ್ತದೆ. ಬಿಳಿ ಎಲ್‌ಇಡಿ ಬಿದ್ದರೆ ಆ ಉತ್ತರ ಕಾಣುವುದೇ ಇಲ್ಲ. ಮೊಣಕಾಲಿನ ಎತ್ತರಕ್ಕೆ, ನೆಲಕ್ಕೆ ಮಾತ್ರ ಬೀಳುವ ಹಳದಿ ದೀಪ ಇಡಿ. ಹತ್ತು ಗಂಟೆಗೆ ಅದನ್ನೂ ಆರಿಸಿ. ಅತಿಥಿಗಳಿಗೆ ಟಾರ್ಚ್ ಕೊಡಿ, ಗಾಜಿಗೆ ಕೆಂಪು ಕಾಗದ ಅಂಟಿಸಿ. ಸ್ಪೀಕರ್, ಡಿಜೆ ಇಲ್ಲ ಅಂತ ಬುಕಿಂಗ್ ಹೊತ್ತಿಗೇ ಹೇಳಿಬಿಡಿ. ಅದಕ್ಕೆ ಒಪ್ಪದವರು ನಿಮ್ಮ ಗಿರಾಕಿಗಳಲ್ಲ.

ಮಳೆಗಾಲದಲ್ಲಿ ಮುಚ್ಚಿ. ಉಡುಪಿ ಕಡೆ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಅಡಿಕೆಯ ಮಹಾಳಿ (ಕೊಳೆ) ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದೂ ಆಗಲೇ. ತೋಟದಲ್ಲಿ ಜನ ಇದ್ದಾಗ ಆ ಕೆಲಸ ಮಾಡಲಾಗದು. ಆ ದ್ರಾವಣದಲ್ಲಿರುವ ಮೈಲುತುತ್ತಿನ ತಾಮ್ರ ಕಪ್ಪೆಮರಿಗಳಿಗೆ ವಿಷ. ಅದಕ್ಕೇ ದ್ರಾವಣ ಕಲಸುವ ಡ್ರಮ್ಮನ್ನು ತೋಡಿನಲ್ಲಿ ತೊಳೆಯಬೇಡಿ, ಕೊನೆಯ ನೀರನ್ನೂ ಅಲ್ಲಿಗೆ ಚೆಲ್ಲಬೇಡಿ. ಇದು ಪ್ರವಾಸಿಗರು ಬಂದರೂ ಬರದಿದ್ದರೂ ಮಾಡಬೇಕಾದ ಕೆಲಸ.

ಹಡಿಲು ಗದ್ದೆಯಲ್ಲಿ ಏಣೆಲು (ಮಳೆಗಾಲದ ಭತ್ತ) ಬೇಸಾಯ ಮತ್ತೆ ಶುರು ಮಾಡಿ, ಕಳೆನಾಶಕ ಇಲ್ಲದೆ. ಬೆಳ್ಳಕ್ಕಿ, ಮಿಂಚುಳ್ಳಿ, ಕಪ್ಪೆ ತಾವಾಗಿಯೇ ಬರುತ್ತವೆ. ಆ ಅಕ್ಕಿಯ ಗಂಜಿಯನ್ನೇ ಅತಿಥಿಗಳಿಗೆ ಬಡಿಸಿ.

ಕಾರ್ಕಳದ ಸದಸ್ಯರು: ನಮ್ಮಲ್ಲಿ ಒಬ್ಬರು ಫೋಟೋ ತೆಗೆಯುವವರಿಗಾಗಿ ದಿನಾ ಅಕ್ಕಿ ಹಾಕಿ ನವಿಲು ಬರಿಸುತ್ತಾರೆ. ಒಳ್ಳೆ ದುಡ್ಡು ಬರುತ್ತದೆ. ತಪ್ಪಾ?

ಉತ್ತರ: ಬೇಡ ಅಂತಲೇ ಹೇಳುತ್ತೇನೆ. ತೀನಿ ಹಾಕಿದಲ್ಲಿಗೆ ನವಿಲು ಮಾತ್ರ ಬರುವುದಿಲ್ಲ, ಮಂಗ, ಹಂದಿಯೂ ಬರುತ್ತವೆ. ನಾಳೆ ಅವು ನುಗ್ಗುವುದು ನೆರೆಮನೆಯವರ ಗದ್ದೆಗೆ. ಆ ಸಿಟ್ಟಿಗೆ ಯಾರೋ ಬೇಲಿಗೆ ಉರುಳು ಕಟ್ಟುತ್ತಾರೆ, ಇಲ್ಲವೇ ಕರೆಂಟ್ ಬಿಡುತ್ತಾರೆ. ಬೇಸಿಗೆಯಲ್ಲಿ ಅಗಲವಾದ ಮಣ್ಣಿನ ತಟ್ಟೆಯಲ್ಲಿ ನೀರಿಡಿ, ದಿನಾ ತೊಳೆಯಿರಿ. ತೀನಿಯ ಬದಲು ಅತ್ತಿ, ಗೋಳಿ, ಹೆಬ್ಬಲಸು, ರಾಮಪತ್ರೆ ನೆಡಿ. ಹತ್ತಾರು ವರ್ಷ ಬೇಕು, ಆದರೆ ಮಂಗಟ್ಟೆಗೆ ಬೇಕಾದ ಊಟ ಅದು.

ಮಂಗಳೂರಿನ ಸದಸ್ಯೆ: ಅಕ್ಕ, ಸಣ್ಣ ಮಕ್ಕಳನ್ನು ಕರೆದುಕೊಂಡು ಇಂಥ ಕಡೆ ಹೋಗಲು ಹಾವಿನ ಹೆದರಿಕೆ. ಏನೇನು ನೋಡಿಕೊಳ್ಳಬೇಕು?

ಉತ್ತರ: ನೆಲದಲ್ಲಿ ಹಾಸಿಗೆ ಹಾಸುವ ಕಡೆ ಉಳಿಯಬೇಡಿ ತಂಗಿ. ಕಟ್ಟುಹಾವು ಮಲಗಿದವರನ್ನೇ ಕಚ್ಚುವುದು ಜಾಸ್ತಿ. ಕಚ್ಚಿದ್ದು ಎಷ್ಟೋ ಸಲ ಗೊತ್ತಾಗುವುದೂ ಇಲ್ಲ. ಟೆಂಟ್ ಎತ್ತರದ ಕಟ್ಟೆಯ ಮೇಲಿರಬೇಕು, ಒಳಗೆ ಮಂಚ ಇರಬೇಕು, ಜಿಪ್ ಪೂರ್ತಿ ಮುಚ್ಚಬೇಕು. ರಾತ್ರಿ ಶೂ, ಟಾರ್ಚ್ ಇಲ್ಲದೆ ಹೊರಗೆ ಕಾಲಿಡಬಾರದು. ವಿಷನಿರೋಧಕ ಚುಚ್ಚುಮದ್ದು ಇರುವ ಹತ್ತಿರದ ಆಸ್ಪತ್ರೆ ಯಾವುದು, ರಾತ್ರಿ ಹೋಗಲು ವಾಹನ ಇದೆಯಾ ಅಂತ ಮಾಲೀಕರನ್ನು ಮೊದಲೇ ಕೇಳಿ. ಹಾವು ಹಿಡಿದು ಮಕ್ಕಳಿಗೆ ತೋರಿಸುವ ಜಾಗವಾದರೆ ವಾಪಸ್ ಬನ್ನಿ. ಅದು 1972ರ ವನ್ಯಜೀವಿ ಕಾಯ್ದೆಗೆ ವಿರುದ್ಧ.

ಕೃಷಿಕರಿಗೂ ಇಲ್ಲೇ ಹೇಳಿಬಿಡುತ್ತೇನೆ. ಮಂಗನ ಕಾಯಿಲೆ ಉಣುಗಿನಿಂದ ಬರುತ್ತದೆ, ಅದರ ಕಾಲವೂ ಚಳಿಗಾಲದಿಂದ ಬೇಸಿಗೆ ತನಕ. ಸುತ್ತಮುತ್ತ ಮಂಗ ಸತ್ತು ಬಿದ್ದರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ, ಆ ಕಡೆಗೆ ಅತಿಥಿಗಳನ್ನು ಬಿಡಬೇಡಿ.

ಕೃಷಿಕ: ಕಾಗದಪತ್ರ ಏನೇನು ಬೇಕು ಮೇಡಂ? ಸಾಲ ಮಾಡಿ ಎರಡು ಕಾಂಕ್ರೀಟ್ ಕಾಟೇಜನ್ನೂ ಕಟ್ಟಿಬಿಡೋಣವಾ?

ಉತ್ತರ: ಕಾಟೇಜ್ ಈಗ ಬೇಡ. ಮೊದಲ ವರ್ಷ ಎರಡೇ ಟೆಂಟ್ ಹಾಕಿ. ಆರಕ್ಕೆ ಅವಸರ ಇಲ್ಲ. ಸಾಲದ ಕಂತು ಮಳೆಗಾಲದಲ್ಲೂ ಬರುತ್ತದೆ, ಅತಿಥಿಗಳು ಬರುವುದಿಲ್ಲ. ಕೃಷಿ ಭೂಮಿಯಲ್ಲಿ ವ್ಯಾಪಾರದ ಕಟ್ಟಡಕ್ಕೆ 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಪರಿವರ್ತನೆ ಆಗಬೇಕು. ಪಂಚಾಯತ್ ಒಪ್ಪಿಗೆ, ಪ್ರವಾಸೋದ್ಯಮ ಇಲಾಖೆಯ ನೋಂದಣಿ ವಿಚಾರಿಸಿ. ಸೋಮೇಶ್ವರ ಅಭಯಾರಣ್ಯದ ಪರಿಸರ ಸೂಕ್ಷ್ಮ ವಲಯದೊಳಗೆ ನಿಮ್ಮ ಸರ್ವೆ ನಂಬರ್ ಬರುತ್ತದಾ ಅಂತ ಅರಣ್ಯ ಇಲಾಖೆಯಲ್ಲಿ ಮೊದಲೇ ಕೇಳಿ. ಸೀತಾನದಿಯಲ್ಲಿರುವ ಸರಕಾರಿ ಜಂಗಲ್ ಲಾಡ್ಜಸ್ ಸಂಸ್ಥೆಯ ಕ್ಯಾಂಪ್ ನಿಮಗೆ ಹತ್ತಿರವೇ, ಒಂದು ರಾತ್ರಿ ಇಬ್ಬರೂ ಅಲ್ಲಿ ಉಳಿದು ನೋಡಿ.

ಶೌಚದ ಗುಂಡಿ ಮಾತ್ರ ಮನೆ ಬಾವಿಯಿಂದ ಆದಷ್ಟು ದೂರ, ಇಳಿಜಾರಿನ ಕೆಳಗಡೆ ಇರಲಿ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ) ನೆಲದಲ್ಲಿ ನೀರು ಬೇಗ ಇಳಿದು ಹೋಗುತ್ತದೆ. ಗುಡ್ಡೆ ಮನೆಯ ಮೇಲ್ಗಡೆ ಇದೆ ಅಂದಿರಲ್ಲ, ಹಾಗಾಗಿ ಶೌಚಾಲಯವನ್ನು ಗುಡ್ಡೆಯಲ್ಲಿ ಕಟ್ಟುವ ಮೊದಲು ಬಾವಿ, ತೋಡು, ವರ್ಗದ ಗಡಿ ಮೂರನ್ನೂ ಗುರುತು ಮಾಡಿದ ನಕ್ಷೆಯ ಫೋಟೋ ಇಲ್ಲಿ ಹಾಕಿ. ಜಾಗ ನೋಡಿ ಹೇಳುತ್ತೇನೆ.